ಭೂಪಗಢಿಯ ವೀರ್ ಕಲ್ಲೂ

ಒಬ್ಬೊಬ್ಬ ವೀರನಿಗೆ ಒಂದೊಂದು ಆಯುಧ. ಕೆಲವರಿಗೆ ಗದೆ, ಕೆಲವರಿಗೆ ಬಿಲ್ಲು. ನಮ್ಮ ಕೆಂಪಣ್ಣನವರಿಗೆ ಬಲಗೈಯ ಮೂರು ಬೆರಳು. ಆ ಮೂರು ಬೆರಳಿನಿಂದ ಅವರು ಯಮುನೆಯ ಎರಡೂ ದಡಗಳಲ್ಲಿ ನಡೆಸಿದ ದಿಗ್ವಿಜಯದ ಮುಂದೆ ದೆಹಲಿಯನ್ನಾಳಿದ ಸುಲ್ತಾನರೆಲ್ಲ ಬರೀ ಬಾಡಿಗೆದಾರರು. ನೆಟ್ಟಗೆ ನಿಂತ ಕಲ್ಲೊಂದು ಕಣ್ಣಿಗೆ ಬಿದ್ದರೆ ಸಾಕು, ಬೆರಳುಗಳು ತಾವಾಗಿ ಮುಂದೆ ಚಾಚುತ್ತವೆ, ಕಲ್ಲನ್ನು ಮುಟ್ಟುತ್ತವೆ, ವಾಪಸು ಬಂದು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತವೆ. ಮೈಲಿಗಲ್ಲು, ಸರ್ವೆ ಕಲ್ಲು, ಕಾಂಪೌಂಡಿನ ಮೂಲೆಗಲ್ಲು ಎಂಬ ಭೇದವಿಲ್ಲ. ಅವರ ಜೊತೆ ನಡೆದು ಹೋಗುವವರು ಮಾತಿನ ಮಧ್ಯೆ ತಿರುಗಿ ನೋಡಿದರೆ ಪಕ್ಕದಲ್ಲಿ ಅವರಿರುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಯಾವುದೋ ಕಲ್ಲಿನೊಂದಿಗೆ ಅವರ ವ್ಯವಹಾರ ನಡೆದಿರುತ್ತದೆ.

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ ಒಮ್ಮೆ ಅವರು ಮಾರ್ಕೆಟ್ಟಿನಲ್ಲಿ ಕುರ್ತಾ ಮಾರುವ ಭಯ್ಯಾ ಒಬ್ಬ ಟಾರ್ಪಾಲಿನ ಹಗ್ಗಕ್ಕೆ ಕಟ್ಟಿ ನಿಲ್ಲಿಸಿದ್ದ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ದಿನ ಆ ಭಯ್ಯಾನ ಕುರ್ತಾಗಳೆಲ್ಲ ಮಧ್ಯಾಹ್ನದೊಳಗೆ ಖಾಲಿಯಾದವಂತೆ. ಮುಂದಿನ ವಾರ ಕೆಂಪಣ್ಣನವರು ಹೆಂಡತಿಯ ಹಿಂದೆ ಚೀಲ ಹಿಡಿದು ಅಲ್ಲಿಗೆ ಹೋದಾಗ ಇಡೀ ಸಾಲಿನ ಅಂಗಡಿಗಳ ಮುಂದೆ ಒಂದೊಂದು ಕಲ್ಲು ಎದ್ದು ನಿಂತಿತ್ತು. "ಅಂಕಲ್‌ಜೀ, ಇಧರ್ ಭೀ! ಇಧರ್ ಭೀ!" ಎಂದು ಎಲ್ಲ ಕಡೆಯಿಂದ ಕೂಗು. ನಮ್ಮ ಜನಕಪುರಿಯ ಪಾರ್ಕಿನ ಹತ್ತಿರ ಅವರು ಇನ್ನೊಂದು ಕಲ್ಲಿಗೆ ಇದೇ ಮರ್ಯಾದೆ ಸಲ್ಲಿಸಿದರು. ಆಮೇಲೆ ಓದಿ ನೋಡಿದರೆ ಅದು ಸಾರ್ವಜನಿಕ ಶೌಚಾಲಯದ ಶಂಕುಸ್ಥಾಪನೆಯ ಕಲ್ಲು. ಕನ್ನಡ ಕೂಟದಲ್ಲಿ ಈ ವಿಷಯ ಎದ್ದಾಗ ಅವರು ಸ್ವಲ್ಪವೂ ಅಳುಕಲಿಲ್ಲ. "ಅದೂ ಜನರ ಉಪಯೋಗಕ್ಕೇ ಇರೋದಲ್ವೇನಯ್ಯ" ಎಂದರು.

ಈ ಬೆರಳಿಗೆ ಶಸ್ತ್ರಾಭ್ಯಾಸ ಮಾಡಿಸಿದವರು ಅವರ ಅಜ್ಜಿ. ಅರಸೀಕೆರೆ ಕಡೆಯ ಅವರ ಊರಿನಲ್ಲಿ ಶಾಲೆಗೆ ಹೋಗುವ ದಾರಿಯ ಪಕ್ಕ ಒಂದು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ಒಬ್ಬ, ನಡುವೆ ಅಪ್ಸರೆಯರು ಅವನ ಕಂಕುಳಿಗೆ ಕೈಹಾಕಿ ಎತ್ತಿಕೊಂಡು ಹೋಗುವ ಸಂಭ್ರಮ, ಮೇಲೆ ಅವನೇ ಲಿಂಗದ ಮುಂದೆ ಕೈಮುಗಿದು ಕೂತಿರುವುದು. ಅಕ್ಷರಗಳೆಲ್ಲ ಸವೆದು ಹೋಗಿದ್ದವು. "ಯಾರಜ್ಜಿ ಇವನು?" ಎಂದು ಮೊಮ್ಮಗ ಕೇಳಿದರೆ ಅಜ್ಜಿ, "ಊರ ದನ ಬಿಡಿಸ್ಕೊಂಡು ಬರೋಕೆ ಹೋಗಿ ಸತ್ತೋನು. ಹೆಸರು ಕಟ್ಕೊಂಡು ನಿಂಗೇನಾಗ್ಬೇಕು? ಮುಟ್ಟು, ನಡಿ" ಎನ್ನುತ್ತಿದ್ದರು. ಅಂದು ಮುಟ್ಟಿದ ಕೈ ಮುಂದೆ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತಿಕೆಯಿಂದ ಸೆಕ್ಷನ್ ಆಫೀಸರ್‌ಗಿರಿಯವರೆಗೆ ಲೆಕ್ಕವಿಲ್ಲದಷ್ಟು ಆದೇಶಗಳನ್ನು ತಿದ್ದಿತು. ಕಾಗುಣಿತ ತಪ್ಪಿದ್ದರೆ ಮಂತ್ರಿಯ ಟಿಪ್ಪಣಿಯನ್ನೂ ಬಿಡುತ್ತಿರಲಿಲ್ಲ. ಆದರೆ ಕಲ್ಲು ಮುಟ್ಟುವುದನ್ನು ಮಾತ್ರ ಮರೆಯಲಿಲ್ಲ.

ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಹೆಂಡತಿ ವಿಮಲಾ, ದೆಹಲಿಯಲ್ಲೇ ಹುಟ್ಟಿ ಬೆಳೆದು ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಮಗಳು ನಿಹಾರಿಕಾ, ಇಬ್ಬರನ್ನೂ ಕರೆದುಕೊಂಡು ಕೆಂಪಣ್ಣನವರು ಘಾಜಿಯಾಬಾದ್ ದಾಟಿ ಭೂಪಗಢಿ ಎಂಬ ಸಣ್ಣ ಪಟ್ಟಣದ ಅಂಚಿನ ಫ್ಲ್ಯಾಟಿಗೆ ಹೋದರು. ಕೊನೆಯ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಶೇರ್ ಆಟೋ ಹತ್ತಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಹೋದರೆ ಸಿಗುವ ಊರು. ಅಲ್ಲಿ ಆ ಮೂರು ಬೆರಳುಗಳಿಗಾಗಿ ನೂರು ವರ್ಷದಿಂದ ಒಂದು ಕಲ್ಲು ಕಾದಿತ್ತು.

ಆ ಕಲ್ಲಿನ ಚರಿತ್ರೆಯೂ ಸಾಮಾನ್ಯದ್ದಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಯಾರೋ ಬಿಳಿಯ ಕಲೆಕ್ಟರನೊಬ್ಬ ಅದನ್ನು ಕೆತ್ತಿಸಿ ಊರ ಹೆಬ್ಬಾಗಿಲ ಗೋಡೆಯಲ್ಲಿ ಕೂರಿಸಿದ. ಅದರಲ್ಲಿ ಇಂಗ್ಲಿಷಿನಲ್ಲಿ ಇರುವುದು ಇಷ್ಟೇ: ಈ ಊರಿನಿಂದ ನಲವತ್ತಮೂರು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಐವರು ಪ್ರಾಣ ಕೊಟ್ಟರು. ಹೆಸರು ಒಂದೂ ಇಲ್ಲ. ಸಾಮ್ರಾಜ್ಯಕ್ಕೆ ತಲೆ ಬೇಕಿತ್ತು, ಹೆಸರು ಬೇಕಿರಲಿಲ್ಲ. ಕಾಲಾಂತರದಲ್ಲಿ ಹೆಬ್ಬಾಗಿಲು ಒಂದು ಮಳೆಗಾಲದಲ್ಲಿ ಕುಸಿಯಿತು. ಕಲ್ಲು ಬಾವಿಕಟ್ಟೆಗೆ ಹೋಗಿ ಬಟ್ಟೆ ಒಗೆಯಲು ಮೈ ಕೊಟ್ಟಿತು. ಬಾವಿ ಬತ್ತಿದ ಮೇಲೆ ಅದರ ಬೆನ್ನಿಗೆ ಒಬ್ಬ ಹಕೀಮ ಮೂಲವ್ಯಾಧಿಯ ಔಷಧದ ಜಾಹೀರಾತು ಬರೆಸಿದ. ಚುನಾವಣೆಗೊಮ್ಮೆ ಪಾರ್ಟಿಗಳು ಸುಣ್ಣ ಬಳಿದು ತಮ್ಮ ಚಿಹ್ನೆ ಬಿಡಿಸಿದವು. ಜರ್ಮನರನ್ನು ಕಂಡು ಬಂದವರ ನೆನಪಿನ ಆ ಕಲ್ಲು ಇದೆಲ್ಲವನ್ನೂ ಗೆದ್ದು, ಕೊನೆಗೆ ಚೌಕದ ಅರಳಿಮರಕ್ಕೆ ಒರಗಿ ನಿಂತು, ಚಹಾ ಮಾರುವ ಚಂದ್ರಮೋಹನನ ಒರೆಸುವ ಬಟ್ಟೆ ಒಣಗಿಸುವ ಕೆಲಸದಲ್ಲಿ ನಿರತವಾಗಿತ್ತು. ಅಷ್ಟರಲ್ಲಿ ಚೌಕದಲ್ಲಿ ಹೊಸ ಚರಂಡಿ ಬರುವುದಾಯಿತು. ಗುತ್ತಿಗೆದಾರ ಕಲ್ಲನ್ನು ಅಳೆದು ನೋಡಿ, ಚರಂಡಿಗೆ ಮುಚ್ಚಳ ಹಾಕಲು ಹೇಳಿ ಮಾಡಿಸಿದ ಹಾಗಿದೆ ಎಂದು ಸೀಮೆಸುಣ್ಣದಲ್ಲಿ ಅದರ ಮೇಲೆ ಗುರುತು ಹಾಕಿ ಹೋದ.

ಗುರುತು ಬಿದ್ದ ಮರುದಿನ ಬೆಳಿಗ್ಗೆ ವಾಕಿಂಗಿಗೆ ಬಂದ ಕೆಂಪಣ್ಣನವರು ಬಟ್ಟೆಯನ್ನು ಪಕ್ಕಕ್ಕೆ ಸರಿಸಿದರು, ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಕನ್ನಡಕ ಏರಿಸಿ ಓದಿದರು. ಓದಿ ಮುಗಿಸಿದವರು ಇನ್ನೊಮ್ಮೆ ಮುಟ್ಟಿದರು. ಬದುಕಿನಲ್ಲಿ ಮೊದಲ ಸಲ ಬೆರಳುಗಳು ಸರಿಯಾದ ವಿಳಾಸಕ್ಕೆ ತಲುಪಿದ್ದವು.

ಚಂದ್ರಮೋಹನ ಕುದಿಯುವ ಚಹಾ ಬಿಟ್ಟು ಬಂದ. "ಬಾಬೂಜಿ, ಕೌನ್ ಹೈ ಯೇ? ಯಾರಿಗೆ ಕೈ ಮುಗೀತಿದೀರಿ?"

ಮೂವತ್ತು ವರ್ಷ ದೆಹಲಿಯಲ್ಲಿದ್ದರೂ ಕೆಂಪಣ್ಣನವರ ಹಿಂದಿ ಫೈಲಿನ ಹಿಂದಿ. ಮನಸ್ಸು ತುಂಬಿ ಬಂದಾಗ ಅದೂ ಕೈಕೊಡುತ್ತದೆ. "ಕಲ್ಲು" ಎಂದರು.

"ಕಲ್ಲೂ?"

"ಹಾಂ. ವೀರಗಲ್ಲು. ಯುದ್ಧ್ ಮೇಂ..." ಎಂದು ಮುಂದೆ ಹಿಂದಿ ಸಿಗದೆ, ಆಕಾಶದ ಕಡೆ ಕೈ ತೋರಿಸಿದರು.

ಆ ಸೀಮೆಯಲ್ಲಿ ಕಪ್ಪಗೆ ಹುಟ್ಟಿದ ಗಂಡುಮಗುವನ್ನು ಮುದ್ದಿನಿಂದ ಕಲ್ಲೂ ಎಂದು ಕರೆಯುತ್ತಾರೆ. ಪ್ರತಿ ಮನೆಯಲ್ಲೂ ಎಂದಾದರೂ ಒಬ್ಬ ಕಲ್ಲೂ ಇದ್ದೇ ಇರುತ್ತಾನೆ. ಚಂದ್ರಮೋಹನ ಹೆಗಲ ಮೇಲಿನ ಗಮ್ಚಾ ತೆಗೆದು ತಲೆಗೆ ಹೊದ್ದುಕೊಂಡ. ತಾನು ಇಷ್ಟು ದಿನ ಒದ್ದೆ ಬಟ್ಟೆ ಹಾಕಿದ್ದು ಯುದ್ಧದಲ್ಲಿ ಸತ್ತ ವೀರ್ ಕಲ್ಲೂನ ಮೇಲೆ! ಕೆಂಪಣ್ಣನವರು ಮನೆ ಸೇರುವಷ್ಟರಲ್ಲಿ ಕಲ್ಲಿನ ಮೈ ತೊಳೆದಾಗಿತ್ತು, ಚೆಂಡುಹೂವಿನ ಹಾರ ಬಿದ್ದಾಗಿತ್ತು. ಗುತ್ತಿಗೆದಾರನ ಆಳುಗಳು ಹಾರೆ ಹಿಡಿದು ಬಂದಾಗ ಚಂದ್ರಮೋಹನ ಸೌಟು ಎತ್ತಿ ನಿಂತ. "ಶಹೀದನ ಮೇಲೆ ಕೈ ಹಾಕ್ತೀರಾ?" ಎಂದ. ಅವರು ಹೆದರಿ ಅವನ ಅಂಗಡಿಯಲ್ಲೇ ಚಹಾ ಕುಡಿದು ಹೋದರು.

ಆಮೇಲೆ ಕಲ್ಲೂನ ಪ್ರತಾಪ ದಿನದಿನಕ್ಕೆ ಬೆಳೆಯಿತು. ಮೊದಲ ವಾರ ಅವನು ಏಳು ಜರ್ಮನರನ್ನು ಕೊಂದ. ಎರಡನೆಯ ವಾರ ಬಂದೂಕನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸಮುದ್ರ ಈಜಿದ. ತಿಂಗಳು ತುಂಬುವಷ್ಟರಲ್ಲಿ ಜರ್ಮನಿಯ ದೊರೆ ಅವನ ಮೀಸೆಗೆ ಬೆರಗಾಗಿ ಮಗಳನ್ನು ಕೊಡಲು ಮುಂದೆ ಬಂದ, ನಮ್ಮವನು ಊರಲ್ಲಿ ಎಮ್ಮೆ ಕರೆಯುವವರಿಲ್ಲ ಎಂದು ಒಲ್ಲೆ ಎಂದ. ಇಂಥ ಗಂಡನ್ನು ಯಾರು ತಾನೇ ಬಿಟ್ಟುಕೊಟ್ಟಾರು? ಬಾವಿ ಗಲ್ಲಿಯವರು ಅವನು ತಮ್ಮ ಮುತ್ತಜ್ಜ ಕಲ್ಲೂ ಸಿಂಗ್ ಎಂದರು. ಕುಂಬಾರ ಗಲ್ಲಿಯವರು ಕಲ್ಲೂ ರಾಮ್ ಎಂದರು. ಮಸೀದಿ ಗಲ್ಲಿಯವರು ಕಲ್ಲೂ ಖಾನ್ ಎಂದು ಹೇಳಿ, ಅವನ ಸೊಸೆಯ ಕಡೆಯ ಅಜ್ಜಿಯೊಬ್ಬರನ್ನು ಸಾಕ್ಷಿಗೆ ಕರೆತಂದು ಕೂರಿಸಿದರು. ಮೂರು ಗಲ್ಲಿಯವರೂ ಒಬ್ಬರ ಅಂಗಡಿಗೆ ಒಬ್ಬರು ಹೋಗುವುದನ್ನು ನಿಲ್ಲಿಸಿದರು.

ಇಷ್ಟೆಲ್ಲ ಆದರೂ ಕೆಂಪಣ್ಣನವರಿಗೆ ಗೊತ್ತಿಲ್ಲ. ಊರಿನವರು ತನಗೆ ನಮಸ್ಕಾರ ಮಾಡುವುದು ತಾನು ರಿಟೈರ್ಡ್ ಆಫೀಸರ್ ಎಂದು ತಿಳಿದು ಎಂದೇ ಅವರ ಭಾವನೆ. ಗೊತ್ತಾದದ್ದು ವಾರ್ಡ್ ಮೆಂಬರ್ ಯಶವಂತ್ ಸಿಂಗ್ ಸೋನ್ ಪಾಪಡಿ ಡಬ್ಬ ಹಿಡಿದು ಫ್ಲ್ಯಾಟಿಗೆ ಬಂದಾಗ.

"ಬಾಬೂಜಿ, ಭಾನುವಾರ ನೀವೇ ಮುಖ್ಯ ಅತಿಥಿ. ಕಲ್ಲಿನ ಮೇಲೆ ವೀರ್ ಕಲ್ಲೂನ ಹೆಸರು ಕೆತ್ತಿಸ್ತಿದೀವಿ."

"ಯಾವ ಕಲ್ಲೂ?"

"ಅದೇ, ನೀವು ಪತ್ತೆ ಮಾಡಿದ ಕಲ್ಲೂ!"

ಕೆಂಪಣ್ಣನವರಿಗೆ ಒಂದು ಗಳಿಗೆ ಬೇಕಾಯಿತು. ಒಳಗಿನಿಂದ ನೀರು ತರುತ್ತಿದ್ದ ವಿಮಲಾ ಅವರಿಗೆ ಅಷ್ಟೂ ಬೇಕಾಗಲಿಲ್ಲ. ಲೋಟ ಟೇಬಲ್ಲಿನ ಮೇಲಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು.

"ನೋಡಿ, ಕಲ್ಲು ಅಂದ್ರೆ ನಮ್ಮ ಭಾಷೇಲಿ ಪತ್ಥರ್" ಎಂದರು ಕೆಂಪಣ್ಣನವರು.

"ವಾಹ್! ಪತ್ಥರ್! ಎದೆ ಪತ್ಥರ್ ಆಗಿದ್ದಕ್ಕೇ ಫಿರಂಗಿ ಮುಂದೆ ನಿಂತ."

"ಹಾಗಲ್ಲ. ಆ ಹೆಸರಿನ ಮನುಷ್ಯನೇ ಇಲ್ಲ."

"ಎಲ್ಲಿಂದ ಇರ್ತಾನೆ ಬಾಬೂಜಿ, ಸತ್ತು ನೂರು ವರ್ಷ ಆಯ್ತು" ಎಂದು ಯಶವಂತ್ ಸಿಂಗ್ ಕಣ್ಣೊರೆಸಿಕೊಂಡ.

"ನಾನು ಹೇಳೋದು ಕೇಳಿ. ಹೆಸರು ಕೆತ್ತಿಸಬೇಡಿ."

"ನಿಮ್ಮ ಹೆಸರೂ ಕೆಳಗೆ ಕೆತ್ತಿಸ್ತೀವಿ, ಚಿಂತೆ ಬೇಡ" ಎಂದು ಅವರ ಕಾಲು ಮುಟ್ಟಿ, ಮೆಟ್ಟಿಲು ಇಳಿಯುತ್ತ ದನಿ ತಗ್ಗಿಸಿ ಕೇಳಿದ: "ಬಾಬೂಜಿ, ಒಂದು ಮಾತು ನನಗೊಬ್ಬನಿಗೇ ಹೇಳಿಬಿಡಿ. ಅವನು ಸಿಂಗ್ ಅಲ್ವಾ? ಅಥವಾ ರಾಮ್? ಖಾನ್ ಏನಾದ್ರೂ...? ಎಲೆಕ್ಷನ್ ಬೇರೆ ಬಂತು."

ಬಾಗಿಲು ಹಾಕಿದ ಮೇಲೆ ಕೆಂಪಣ್ಣನವರು ಸೋನ್ ಪಾಪಡಿಯ ಮುಂದೆ ಕುಸಿದು ಕೂತರು. ನಗುವವರು ನಗಬಹುದು. ಅವರ ಲೆಕ್ಕದಲ್ಲಿ ಕಾಗದದ ಮೇಲೆ ಸುಳ್ಳಿದ್ದರೆ ತಿದ್ದಬಹುದು, ಕಲ್ಲಿನ ಮೇಲೆ ಸುಳ್ಳು ಇರಕೂಡದು. ಅಜ್ಜಿಯ ವೀರಗಲ್ಲಿಗೆ ಹೆಸರಿರಲಿಲ್ಲ ನಿಜ, ಆದರೆ ಇಲ್ಲದ ಹೆಸರೂ ಇರಲಿಲ್ಲ. ಇಲ್ಲಿ ಐದು ಜನ ನಿಜವಾಗಿ ಸತ್ತಿದ್ದಾರೆ, ಅವರೆಲ್ಲರ ತಲೆಯ ಮೇಲೆ ಹುಟ್ಟದೇ ಇದ್ದವನೊಬ್ಬ ಬಂದು ಕೂರುತ್ತಾನೆ, ಅದೂ ತನ್ನ ಬಾಯಿಂದ ಉದುರಿದವನು.

"ಹೇಳಿಬಿಡ್ರೀ ನಿಜಾನ" ಎಂದರು ವಿಮಲಾ.

"ಹೇಳಿದ್ರೆ ಕಲ್ಲು ಚರಂಡಿ ಮೇಲೆ. ಹೇಳದಿದ್ರೆ ಸುಳ್ಳು ಕಲ್ಲಿನ ಮೇಲೆ. ಕಲ್ಲೂ ಅಂತ ಒಬ್ಬ ಇದಾನೆ ಅಂತಲೇ ಅದು ಉಳಿದಿರೋದು ವಿಮಲಾ."

"ಮುಟ್ಟದೆ ಬಂದಿದ್ರೆ ಇಷ್ಟು ಹೊತ್ತಿಗೆ ಹುರುಳಿಕಾಯಿ ನಾರು ತೆಗೆದುಕೊಡ್ತಿದ್ರಿ, ಆರಾಮಾಗಿ" ಎಂದು ಅವರು ತರಕಾರಿ ತಟ್ಟೆಯನ್ನು ಗಂಡನ ಮುಂದೆ ತಳ್ಳಿದರು. ಕೆಂಪಣ್ಣನವರು ನಾರು ಬುಟ್ಟಿಗೆ ಹಾಕಿ ಕಾಯಿ ಕಸಕ್ಕೆ ಎಸೆದರು.

ಭಾನುವಾರ ಬಂದೇ ಬಂತು. ಚೌಕದಲ್ಲಿ ಶಾಮಿಯಾನ, ಮದುವೆ ಬ್ಯಾಂಡು, ಕಿವಿ ಹರಿಯುವ ಮೈಕು. ಮೂರು ಗಲ್ಲಿಯವರೂ ಮೂರು ಕಡೆ ಸೈನ್ಯ ಜಮಾಯಿಸಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಕಲ್ಲಿನ ಕೆಳಭಾಗದಲ್ಲಿ ಕೆತ್ತುವವನು ಹಿಂದಿಯಲ್ಲಿ ಸೀಮೆಸುಣ್ಣದಿಂದ 'ಅಮರ್ ಶಹೀದ್ ವೀರ್ ಕಲ್ಲೂ' ಎಂದು ಬರೆದು, ಅದರ ಮುಂದೆ ಒಂದು ಪದದಷ್ಟು ಜಾಗ ಖಾಲಿ ಬಿಟ್ಟಿದ್ದ. ಇಡೀ ಭೂಪಗಢಿಯ ಕಣ್ಣು ಆ ಖಾಲಿ ಜಾಗದ ಮೇಲೆ. ಯಶವಂತ್ ಸಿಂಗನ ಕಣ್ಣು ಮಾತ್ರ ಎಲ್ಲೂ ನಿಲ್ಲುತ್ತಿರಲಿಲ್ಲ. ಯಾವ ಹೆಸರು ಕೆತ್ತಿಸಿದರೂ ಎರಡು ಗಲ್ಲಿಯ ವೋಟು ಹೋದಂತೆಯೇ. ಬಿಳಿ ಕುರ್ತಾ ಬೆವರಿನಲ್ಲಿ ತೊಯ್ದು ಮೈಗಂಟಿತ್ತು.

ಮುಖ್ಯ ಅತಿಥಿಯ ಕೈಗೆ ಮೈಕು ಬಂತು. "ಉಪರೋಕ್ತ ವಿಷಯಕ್ಕೆ ಸಂಬಂಧಿಸಿದಂತೆ ಸವಿನಯ ನಿವೇದನೆ" ಎಂದು ಫೈಲಿನ ಹಿಂದಿಯಲ್ಲಿ ಶುರು ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಅರ್ಥವಾಗಿಲ್ಲ ಎಂದು ಅವರಿಗೆ ಗೊತ್ತಾಯಿತು. ಮೈಕು ಹಿಡಿದುಕೊಂಡೇ ವೇದಿಕೆ ಇಳಿದರು. ಸ್ಮಾರಕದ ಕಲ್ಲನ್ನು ತಟ್ಟಿ "ಯೇ ಕಲ್ಲು" ಎಂದರು. ಮತ್ತೆ ಚಪ್ಪಾಳೆ. ರಸ್ತೆಯ ಅಂಚುಗಲ್ಲನ್ನು ಬಗ್ಗಿ ತಟ್ಟಿ "ಯೇ ಭೀ ಕಲ್ಲು" ಎಂದರು. ಚಪ್ಪಾಳೆ ಅರ್ಧಕ್ಕೆ ನಿಂತಿತು. ಚರಂಡಿಗೆಂದು ಸುರಿದಿದ್ದ ಜಲ್ಲಿಯ ರಾಶಿಯತ್ತ ಕೈ ಬೀಸಿ "ವೋ ಸಬ್ ಕಲ್ಲು!" ಎಂದು ಕೂಗಿದರು.

ಬ್ಯಾಂಡಿನವನ ಬಾಯಿಂದ ಕ್ಲಾರಿನೆಟ್ ಜಾರಿತು.

"ನಮ್ಮ ಭಾಷೆಯಲ್ಲಿ ಪತ್ಥರ್‌ಗೆ ಕಲ್ಲು ಅಂತಾರೆ. ಅವತ್ತು ನಾನು ಹೇಳಿದ್ದು ಅಷ್ಟೇ. ಯುದ್ಧದಲ್ಲಿ ಸತ್ತವರಿಗೆ ನಿಲ್ಲಿಸೋ ಕಲ್ಲಿಗೆ ನಮ್ಮ ಕಡೆ ವೀರಗಲ್ಲು ಅಂತಾರೆ. ಕಲ್ಲೂ ಅಂತ ಯಾರೂ ನನಗೆ ಗೊತ್ತಿಲ್ಲ."

ಮೊದಲು ಬಾಯಿ ಬಿಟ್ಟವನು ಚಂದ್ರಮೋಹನ. "ಅಂದ್ರೆ ಬಾಬೂಜಿ, ಕಲ್ಲೂ ಸಿಂಗ್ ಅಲ್ಲ?"

"ಅಲ್ಲ."

"ಕಲ್ಲೂ ರಾಮ್?"

"ಅಲ್ಲಪ್ಪ."

"ಖಾನ್ ಕೂಡ ಅಲ್ಲ?"

"ಯಾರೂ ಅಲ್ಲ. ಸತ್ತವರು ಐದು ಜನ. ಯಾವ ಗಲ್ಲಿಯವರೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅವರಿಗೆ ಇರೋದು ಇದೊಂದೇ ಕಲ್ಲು. ಇದನ್ನ ಚರಂಡಿ ಮೇಲೆ ಹಾಕಬೇಡಿ. ಬೇಕಾದ್ರೆ ನನ್ನನ್ನ ಬೈಯಿರಿ."

ಬೈಗುಳಕ್ಕೆ ಕಾದು ನಿಂತರು. ಬಂದದ್ದು ಮೈಕಿನಲ್ಲಿ ದೊಡ್ಡದೊಂದು ನಿಟ್ಟುಸಿರು. ಯಶವಂತ್ ಸಿಂಗ್ ಓಡಿ ಬಂದು ಅವರನ್ನು ತಬ್ಬಿಕೊಂಡಿದ್ದ, ಮೈಕು ಇಬ್ಬರ ಎದೆಯ ನಡುವೆ ಸಿಕ್ಕಿಕೊಂಡಿತ್ತು. ಎಷ್ಟೋ ದಿನದಿಂದ ನಿದ್ದೆಗೆಟ್ಟವನ ನಿಟ್ಟುಸಿರು ಭೂಪಗಢಿಯ ಕೊನೆಯ ಮನೆಗೂ ಕೇಳಿಸಿತು. "ಭಾಯಿಯೋಂ! ಕೇಳಿದಿರಾ? ಯಾರೂ ಅಲ್ಲ! ಯಾರೂ ಅಲ್ಲ ಅಂದ್ರೆ ಎಲ್ಲರೂ! ಐದು ಜನ ಇದಾರೆ, ಗಲ್ಲಿ ಇರೋದು ಮೂರೇ. ಯಾಕೆ ಜಗಳ? ಚರಂಡಿ ಬಾಗಲಿ, ಕಲ್ಲು ಬಾಗಲ್ಲ!" ಗುತ್ತಿಗೆದಾರ ಏನೋ ಹೇಳಲು ಹೋದ. ಬಾವಿ ಗಲ್ಲಿಯವರೂ ಮಸೀದಿ ಗಲ್ಲಿಯವರೂ ಒಟ್ಟಿಗೆ ಅವನತ್ತ ತಿರುಗಿ ನೋಡಿದರು. ಚರಂಡಿ ಬಾಗುತ್ತದೆ ಎಂದು ಅವನು ಒಪ್ಪಿಕೊಂಡ. ಸಾಕ್ಷಿಗೆ ಬಂದಿದ್ದ ಅಜ್ಜಿ, "ನಾನು ಮೊದಲೇ ಹೇಳ್ದೆ, ನಂಗೇನೂ ನೆನಪಿಲ್ಲ ಅಂತ" ಎಂದು ಕುಂಬಾರ ಗಲ್ಲಿಯವರು ಕೊಟ್ಟ ಜಲೇಬಿಗೆ ಕೈಹಾಕಿದರು.

ಉಳಿದದ್ದು ಕೆತ್ತುವವನು. ಉಳಿ ಸುತ್ತಿಗೆ ಹಿಡಿದು ಕೂತವನಿಗೆ ಬೇಜಾರಾಗಿತ್ತು. "ಏನಾದರೂ ಬರೆಸಿ ಸಾಹೇಬ್ರೇ. ಸುಮ್ಮನೆ ಎದ್ದು ಹೋದರೆ ನನಗೆ ಅಪಶಕುನ."

ಜನರ ನಡುವಿನಿಂದ ನಿಹಾರಿಕಾ ಮುಂದೆ ಬಂದಳು. ಕಲ್ಲನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಅಪ್ಪಾ, ವೀರ್ ಕಲ್ಲೂ ಅಂತಾನೇ ಬರೀಲಿ ನಾ. ಇಟ್ಸ್ ಕರೆಕ್ಟ್! ವೀರಗಲ್ಲು ಮೇಲೆ ವೀರಗಲ್ಲು ಅಂತ ಬರೆದ್ರೆ ಸುಳ್ಳು ಏನಿದೆ?" ಎಂದಳು. ಆಮೇಲೆ ಕೆತ್ತುವವನ ಕಡೆ ತಿರುಗಿ, "ಭಯ್ಯಾ, ಮೊದಲಿನ ಅಮರ್ ಶಹೀದ್ ಹಟಾ ದೋ. ಎರಡೇ ಶಬ್ದ ಸಾಕು" ಎಂದು ತಾನೇ ದುಪಟ್ಟಾದ ತುದಿಯಿಂದ ಸೀಮೆಸುಣ್ಣ ಒರೆಸಿದಳು. ಕೆಂಪಣ್ಣನವರು ತುಟಿಯಲ್ಲೇ ಆ ಎರಡು ಶಬ್ದ ಹೇಳಿಕೊಂಡರು. ಮಗಳ ಕನ್ನಡವನ್ನು ಹುಟ್ಟಿದಾಗಿನಿಂದ ತಿದ್ದುತ್ತ ಬಂದವರು ಅವತ್ತು ತಿದ್ದಲಿಲ್ಲ, ತಲೆಯಾಡಿಸಿದರು. ಉಳಿಯ ಮೊದಲ ಏಟು ಬಿತ್ತು.

ಈಗ ಭೂಪಗಢಿಗೆ ಹೋದರೆ ಆಟೋದವರು ಕೂಗುವುದೇ "ವೀರ್ ಕಲ್ಲೂ ಚೌಕ್! ವೀರ್ ಕಲ್ಲೂ!" ಎಂದು. ಚರಂಡಿ ಅಲ್ಲಿಯವರೆಗೆ ನೆಟ್ಟಗೆ ಬಂದು, ಅರಳಿಮರದ ಮುಂದೆ ಗರತಿಯಂತೆ ಸೊಂಟ ಬಾಗಿಸಿ ಮುಂದೆ ಹೋಗುತ್ತದೆ. ಹಾಲಿನವನು ಸೈಕಲ್ಲಿನಿಂದ ಇಳಿಯದೆ ಒಂದು ಕೈ ಚಾಚಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಶಾಲೆಯ ಮಕ್ಕಳು, ಬುರ್ಖಾದ ಹೆಂಗಸರು, ಯಶವಂತ್ ಸಿಂಗ್, ಗುತ್ತಿಗೆದಾರ, ಎಲ್ಲರೂ ಮುಟ್ಟುತ್ತಾರೆ. ಯಶವಂತ್ ಸಿಂಗ್ ಮೂರು ಗಲ್ಲಿಗಳಲ್ಲೂ ಗೆದ್ದ. ಅರಸೀಕೆರೆಯ ಅಜ್ಜಿಯೊಬ್ಬರ ಪದ್ಧತಿ ವಿಂಧ್ಯ ದಾಟಿ, ದೆಹಲಿ ದಾಟಿ ಗಂಗಾ ಬಯಲನ್ನು ಗೆದ್ದದ್ದು ಹೀಗೆ.

ಮೊನ್ನೆ ಚಂದ್ರಮೋಹನನ ಬೆಂಚಿನ ಮೇಲೆ ಕೂತು ಚಹಾ ಕುಡಿಯುವಾಗ ನನಗೆ ಎದೆ ಉಬ್ಬಿ ಬಂತು. "ಕೆಂಪಣ್ಣನವರೇ, ಯಾವ ರಾಜನ ಖಡ್ಗವೂ ಇಲ್ಲಿವರೆಗೆ ಬಂದು ಕನ್ನಡ ಕೆತ್ತಲಿಲ್ಲ. ನೀವು ಮೂರು ಬೆರಳಲ್ಲಿ ಕೆತ್ತಿಸಿದ್ರಿ. ಆ ಐದು ಜನ ಸ್ವರ್ಗದಿಂದ ನಿಮ್ಮನ್ನ ಹರಸ್ತಿರಬೇಕು. ಈ ಕಲ್ಲನ್ನ ನೋಡಿದಾಗ ನಿಮ್ಮ ಮನಸ್ಸಿಗೆ ಏನನ್ಸುತ್ತೆ, ಹೇಳಿ" ಎಂದೆ.

ಕೆಂಪಣ್ಣನವರು ರಸ್ಕ್ ಅದ್ದಿ ತಿಂದು, ಮೀಸೆ ಒರೆಸಿಕೊಂಡು, ಕಲ್ಲಿನ ಮೇಲಿನ ಆ ಎರಡು ಶಬ್ದಗಳನ್ನು ಇನ್ನೊಮ್ಮೆ ಓದಿದರು.

"ಕಲ್ಲು ಉಳೀತಲ್ಲ, ಅಷ್ಟು ಸಾಕು. ಆದರೆ ಆದೇಶ ಸಂಧಿ ಕಣಯ್ಯ ಅದು. 'ಕ' ಹೋಗಿ 'ಗ' ಬರ್ಬೇಕಿತ್ತು."